ಹುಳಿಯಾದ ತೊಟ್ಟಿ ಮತ್ತು ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿ. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರು ಎಂದು ಬರೆದು ಅಂಕ ಪಡೆದೆ. ಅವರು ನನಗೆ ನಿಜವಾಗಿ ಗುರುವಾದದ್ದು ಕಿಣ್ವ ತಯಾರಿಸುವ ಕಾರ್ಖಾನೆಗೆ ಸೇರಿದ ಮೇಲೆ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಪಟ್ಟಣದಲ್ಲಿ. ತಂದೆ ಚರ್ಮ ಹದ ಮಾಡುವವರು. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. 1842ರ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲೇ ಅವರಿಗೆ ಸಾಧಾರಣ ದರ್ಜೆ ಸಿಕ್ಕಿತ್ತು! ಕಡಿಮೆ ಅಂಕ ಬಂತೆಂದು ಕೊರಗುವ ಮಕ್ಕಳು ಇದನ್ನು ನೆನಪಿಡಬೇಕು.

1854ರಲ್ಲಿ ಅವರು ಲೀಲ್ ನಗರದಲ್ಲಿ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. 1856ರಲ್ಲಿ ವಿದ್ಯಾರ್ಥಿಯೊಬ್ಬನ ತಂದೆ ಬಿಗೋ ಎಂಬವರು ಕಷ್ಟ ಹೇಳಿಕೊಂಡು ಬಂದರು. ಬೀಟ್ ರಸವನ್ನು ಹುದುಗಿಸಿ ಆಲ್ಕೋಹಾಲ್ ತೆಗೆಯುವ ಅವರ ಕಾರ್ಖಾನೆಯಲ್ಲಿ ಕೆಲವು ತೊಟ್ಟಿಗಳು ಹುಳಿಯಾಗಿ ಕೆಡುತ್ತಿದ್ದವು. ಪಾಶ್ಚರ್ ಎರಡೂ ಬಗೆಯ ತೊಟ್ಟಿಗಳ ಹನಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳ್ಳೆಯದರಲ್ಲಿ ದುಂಡನೆಯ ಯೀಸ್ಟ್. ಕೆಟ್ಟದ್ದರಲ್ಲಿ ಕಡ್ಡಿಯಂಥ ಸಣ್ಣ ಜೀವಿಗಳು. ಆ ಜೀವಿಗಳೇ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತಿದ್ದವು. ಹುದುಗುವಿಕೆ ಜೀವಿಗಳ ಕೆಲಸ, ಒಂದೊಂದು ಬಗೆಗೆ ಒಂದೊಂದು ಜೀವಿ ಎಂಬ ವಿಚಾರವನ್ನು 1857ರಲ್ಲಿ ಮಂಡಿಸಿದರು.

ಮುಂದೆ ದ್ರಾಕ್ಷಾರಸವನ್ನು ಹದವಾಗಿ ಬಿಸಿ ಮಾಡಿ ಕೆಡದಂತೆ ಉಳಿಸಿದರು. ಇಂದು ಹಾಲಿನ ಪ್ಯಾಕೆಟ್ಟಿನ ಮೇಲೆ ಕಾಣುವ ಪಾಶ್ಚರೀಕರಣ ಎಂಬ ಮಾತು ಬಂದದ್ದು ಅವರ ಹೆಸರಿನಿಂದಲೇ. 1865ರಿಂದ ರೇಷ್ಮೆಹುಳುವಿನ ಪೆಬ್ರಿನ್ ರೋಗದ ಬೆನ್ನು ಹತ್ತಿದರು. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಪರೀಕ್ಷಿಸುವ ಅವರ ಕ್ರಮ ನಮ್ಮ ರಾಜ್ಯದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಇದೆ. ಈ ನಡುವೆ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಕೆಲಸ ಬಿಡಲಿಲ್ಲ. ಹುಚ್ಚುನಾಯಿ ಕಚ್ಚಿದ ಬಾಲಕನಿಗೆ 1885ರಲ್ಲಿ ಲಸಿಕೆ ಹಾಕಿದ್ದು ಇದಾದ ಮೇಲೆ. 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು.

ಇನ್ನು ನನ್ನ ಕಥೆ. ನಮ್ಮ ಕಾರ್ಖಾನೆಯಲ್ಲಿ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದಿಂದ ಕಿಣ್ವ ತೆಗೆಯುತ್ತೇವೆ. ಒಂದು ರಾತ್ರಿ ಪಾಳಿಯಲ್ಲಿ ಟ್ಯಾಂಕ್ ಹುಳಿಯಾಯಿತು, ಕಿಣ್ವ ಕುಸಿಯಿತು. ಟ್ಯಾಂಕ್ ಸರಿಯಾಗಿ ತೊಳೆದಿಲ್ಲ, ಬೇರೆ ಜೀವಿ ಸೇರಿದೆ ಎಂದು ಸಹಾಯಕನ ಮೇಲೆ ಕೂಗಾಡಿದೆ. ಅವನು ತಲೆ ತಗ್ಗಿಸಿ ನಿಂತ. ಬೆಳಿಗ್ಗೆ ಒಂದು ಹನಿ ತೆಗೆದು ನೋಡಿದರೆ, ನಮ್ಮದೇ ಬ್ಯಾಕ್ಟೀರಿಯಾ ಬಿಟ್ಟು ಬೇರೇನೂ ಇರಲಿಲ್ಲ. ತಪ್ಪು ನನ್ನದು. ಸಕ್ಕರೆಯನ್ನು ಒಮ್ಮೆಲೇ ಹೆಚ್ಚು ಕೊಟ್ಟಿದ್ದೆ. ಅತಿಯಾಗಿ ತಿಂದ ಬ್ಯಾಕ್ಟೀರಿಯಾ ಮಿಕ್ಕಿದ್ದನ್ನು ಅಸಿಟಿಕ್ ಆಮ್ಲವಾಗಿ ಹೊರಹಾಕುತ್ತದೆ. ಆಮ್ಲ ಹೆಚ್ಚಿದರೆ ಬೆಳವಣಿಗೆಯೂ ಕುಂದುತ್ತದೆ. ಅಂದಿನಿಂದ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇನೆ, ಗಾಳಿ ಸಾಕಷ್ಟಿದೆಯೇ ಎಂದು ನೋಡುತ್ತೇನೆ. ಸಹಾಯಕನ ಕ್ಷಮೆಯನ್ನೂ ಕೇಳಿದೆ.

ದೂರುವ ಮೊದಲು ನೋಡಬೇಕು. ಪಾಶ್ಚರ್ ಅವರ ಬಾಳು ನನಗೆ ಕಲಿಸಿದ್ದು ಇಷ್ಟೇ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನನ್ನ ಶಾಲೆಯಲ್ಲಿ ಒಂದು ವಿನಂತಿ: ಪ್ರತಿ ಮಗುವೂ ಒಮ್ಮೆಯಾದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಲಿ.