ಉಪಾಯ ಹುಡುಕುವ ವಿದ್ಯೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು

ನಮ್ಮ ದೊಡ್ಡಬಳ್ಳಾಪುರದಿಂದ ಮೂಡಲಿಗೆ ನೋಡಿದರೆ ನಂದಿಬೆಟ್ಟದ ಸಾಲು ಕಾಣುತ್ತದೆ. ಆ ಬೆಟ್ಟದ ಅತ್ತ ಕಡೆಗಿರುವ ಮುದ್ದೇನಹಳ್ಳಿಯೇ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರನ್ನು ಕುರಿತ ಎರಡು ದೀಪಗಳ ಕಥೆಯನ್ನೂ ರೈಲಿನ ಕಥೆಯನ್ನೂ ವಾಚಕರೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕೇಳಿರುತ್ತಾರಾದ್ದರಿಂದ ಅವುಗಳನ್ನು ನಾನಿಲ್ಲಿ ಹೇಳಹೊರಟಿಲ್ಲ. ಕೈಗೆ ಬಂದ ಕೆಲಸ ಕಗ್ಗಂಟಾದಾಗ ಈ ಮಹನೀಯರಿಗೆ ಹೊಸ ಉಪಾಯ ಹೊಳೆಯುತ್ತಿದ್ದುದು ಹೇಗೆ ಎಂಬುದಷ್ಟೇ ನನ್ನ ಕುತೂಹಲ.

ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅವರ ಬುದ್ಧಿಯ ನಡೆಯನ್ನು ತಿಳಿಯಲು ಸಕ್ಕರ್ ಪಟ್ಟಣದ ಕೆಲಸವೊಂದೇ ಸಾಕೆಂದು ನನಗೆ ತೋರುತ್ತದೆ. ಈಗ ಪಾಕಿಸ್ತಾನದಲ್ಲಿರುವ ಈ ಊರಿಗೆ 1894-95ರ ಸುಮಾರಿನಲ್ಲಿ ಕುಡಿಯುವ ನೀರು ಒದಗಿಸುವ ಹೊಣೆ ಅವರ ಮೇಲೆ ಬಿತ್ತು. ಪಕ್ಕದಲ್ಲಿಯೇ ಸಿಂಧೂ ನದಿ. ಆದರೆ ನೀರೆಲ್ಲ ಕೆಸರು. ಮರಳಿನ ಶೋಧಕಗಳನ್ನು ಕಟ್ಟಿಸೋಣವೆಂದರೆ ಪುರಸಭೆಯಲ್ಲಿ ಹಣವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಣ ಸಾಲದೆಂದು ಕಾಗದ ಬರೆದು ಕೈತೊಳೆದುಕೊಳ್ಳುತ್ತಿದ್ದರೇನೋ. ಇವರು ನದಿಯ ಮರಳನ್ನೇ ಶೋಧಕವನ್ನಾಗಿ ಮಾಡಿಕೊಂಡರು! ನದಿಯ ಪಾತ್ರದಲ್ಲಿ ಬಾವಿ ತೋಡಿಸಿ, ಮರಳಿನೊಳಗಿಂದ ಜಿನುಗಿ ತಿಳಿಯಾಗಿ ಬಂದ ನೀರನ್ನು ಎತ್ತಿಸಿ ಊರಿಗೆ ಕೊಟ್ಟರು. ಕೊಂಡು ತರಬೇಕೆಂದುಕೊಂಡಿದ್ದ ವಸ್ತು ಕಾಲ ಕೆಳಗೇ ಇತ್ತು.

ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿಯೂ ಹೀಗೆಯೇ. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಪೋಲಾಗುತ್ತಿತ್ತು. ಅಣೆಕಟ್ಟನ್ನೇ ಎತ್ತರಿಸುವುದು ದುಬಾರಿಯ ಮಾತು. 1903ರಲ್ಲಿ ಅವರು ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದರು. ಗೊತ್ತಾದ ಮಟ್ಟದವರೆಗೆ ಬಾಗಿಲು ನೀರನ್ನು ತಡೆದಿಡುತ್ತದೆ, ಪ್ರವಾಹ ಮಟ್ಟ ಮೀರಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಮೊದಲು, 1899ರಲ್ಲಿ, ನೀರಾ ನಾಲೆಯ ಕೆಳಗೆ ಕೆಲವರ ಕಬ್ಬಿನ ಗದ್ದೆಗಳೇ ನೀರನ್ನೆಲ್ಲ ಕುಡಿದು ಜೌಗಾಗುತ್ತಿದ್ದಾಗ, ಹಳ್ಳಿಯ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಮೂರರಲ್ಲೊಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ ಎಂಬ ಸರದಿಯನ್ನು ಯೋಜಿಸಿದ್ದರು. ಅಲ್ಲಿ ಕಲ್ಲು ಗಾರೆ ಏನೂ ಬೇಕಾಗಲಿಲ್ಲ, ಲೆಕ್ಕವೊಂದೇ ಸಾಕಾಯಿತು.

ಇದನ್ನು ಓದಿದ ಮೇಲೆ ನಾನೂ ಒಂದು ಲೆಕ್ಕ ಹಿಡಿದೆನೆಂದರೆ ಓದುಗರು ನಗಬಾರದು. ನಮ್ಮ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ರೇಷ್ಮೆ ಎಳೆ ಕಡಿದಾಗಲೆಲ್ಲ ಮಗ್ಗ ನಿಲ್ಲುತ್ತದೆ, ಅಪ್ಪ ಅದೃಷ್ಟವನ್ನು ಬೈಯುತ್ತಾರೆ. ಹತ್ತು ದಿನ ಎಳೆ ಕಡಿದ ಹೊತ್ತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಮಧ್ಯಾಹ್ನದ ಒಣ ಬಿಸಿಲಿನಲ್ಲಿಯೇ ಹೆಚ್ಚೆಂದು ಕಂಡಿತು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆವು. ಕಡಿಯುವುದು ನಿಲ್ಲಲಿಲ್ಲ, ಕಡಿಮೆಯಾಯಿತು. ಅಪ್ಪ ಅದು ನೂಲಿನ ಗುಣವೆನ್ನುತ್ತಾರೆ. ಆದರೆ ಬೆಳಗ್ಗೆ ಎದ್ದು ಗೋಣಿಗೆ ನೀರು ಹಾಕುವವರು ಅವರೇ.

1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾಯಿತು. ಸಿಮೆಂಟಿಗೆ ಬದಲಾಗಿ ಸುಣ್ಣ ಸುರ್ಕಿಯ ಗಾರೆ ಬಳಸಿ ಕಟ್ಟಿದ ಆ ಕಟ್ಟೆಯ ಕಥೆ ಎಲ್ಲರಿಗೂ ಗೊತ್ತು. 1912ರಲ್ಲಿ ದಿವಾನರಾದರು. 1914ರಲ್ಲಿ ಯುದ್ಧ ಹತ್ತಿ ಹೊರದೇಶಗಳಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧಕ್ಕೆ ಗಿರಾಕಿ ಇಲ್ಲದಾಯಿತು. ಆಗ ಕೊರಡಿನ ಬದಲು ಎಣ್ಣೆಯನ್ನೇ ಮಾರಬಾರದೇಕೆ ಎಂಬ ಯೋಚನೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳ ಪ್ರಯೋಗದ ಬಲದಿಂದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಉಪಾಯವೆಲ್ಲ ದಿವಾನರೊಬ್ಬರದೇ ಎನ್ನುವುದು ಸರಿಯಲ್ಲ; ಬಲ್ಲವರನ್ನು ಕೇಳುವ ಅಭ್ಯಾಸ ಅವರಿಗಿತ್ತು. 1911ರ ಆರ್ಥಿಕ ಸಮ್ಮೇಳನದಲ್ಲಿ ವ್ಯವಸಾಯ, ವಿದ್ಯೆ, ಕೈಗಾರಿಕೆಗಳಿಗೆ ಒಂದೊಂದು ಸಮಿತಿ ಮಾಡಿ ಅಧಿಕಾರಿಗಳಲ್ಲದವರನ್ನೂ ಕೂಡಿಸಿಕೊಂಡಿದ್ದರು. ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವವಿದ್ಯಾನಿಲಯ 1916ರಲ್ಲಿ ಬಂದವು.

ಒಂದು ವಿಷಯವನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಜಾತಿಯ ಆಧಾರದ ಮೇಲೆ ಹುದ್ದೆ ಕೊಡುವುದು ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಆ ವರ್ಷವೇ ದಿವಾನಗಿರಿಯನ್ನು ಬಿಟ್ಟರು. ವಿದ್ಯೆ ಹರಡಿದರೆ ಎಲ್ಲರೂ ಮೇಲೆ ಬರುವರೆಂಬುದು ಅವರ ನಂಬಿಕೆ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು 1913ರಲ್ಲಿ ಬಂದದ್ದು ಅವರ ಕಾಲದಲ್ಲಿಯೇ. ಆದರೆ ನೀರಾ ನಾಲೆಯ ತುದಿಯ ರೈತನಿಗೂ ನೀರು ಮುಟ್ಟಲಿ ಎಂದು ಸರದಿ ಹಾಕಿದವರು, ನೌಕರಿಯ ನಾಲೆಗೆ ಸರದಿ ಬೇಡವೆಂದದ್ದೇಕೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಅದೂ ಹಿಂದುಳಿದ ವರ್ಗದ ವಿದ್ಯಾರ್ಥಿವೇತನದಿಂದ. ಅವರನ್ನು ಗುರುವೆಂದು ಭಾವಿಸಿಯೂ ಈ ಮಾತಿನಲ್ಲಿ ನಾನು ಮಿಲ್ಲರ್ ಸಮಿತಿಯ ಪಕ್ಷ. ನಮ್ಮ ಚರ್ಚಾಕೂಟದಲ್ಲಿ ಇದನ್ನು ಹೇಳಿ ಗೆಳೆಯರ ಕೋಪಕ್ಕೂ ಗುರಿಯಾಗಿದ್ದೇನೆ.

ಅಧಿಕಾರ ಬಿಟ್ಟ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ಕಲ್ಲಿದ್ದಲು ದೊರೆಯದ ಭದ್ರಾವತಿಯಲ್ಲಿ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕಾರ್ಖಾನೆಯ ಭಾರವನ್ನು ಹೊತ್ತರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದರು. 1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್ 14ರಂದು ನೂರರ ಗಡಿಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.