ಸೋಲನ್ನೂ ಬರೆದ ದೊಡ್ಡ ಸ್ವಾಮಿಯವರು



ದಾನಿಗಳಿಗೆ ಪತ್ರ ಬರೆಯಲು ಕುಳಿತಾಗ ಹಬ್ಬದ ಮೆರವಣಿಗೆಯ ವಿಷಯವನ್ನು ಸಲೀಸಾಗಿ ಬರೆಯುತ್ತೇವೆ. ಖಾಲಿ ಬೆಂಚುಗಳ ವಿಷಯಕ್ಕೆ ಬಂದರೆ ನನ್ನ ಕೈಯೂ ತಡವರಿಸುತ್ತದೆ. ಕಷ್ಟವನ್ನೇ ತಿಳಿಸಿದರೆ ಮುಂದೆ ಯಾರು ನೆರವಾಗುತ್ತಾರೆಂದು ತುಮಕೂರಿನ ಸದಾಶಿವನಗರದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಆಗ ನೆನಪಾದವರು ನಮ್ಮ ಪೂರ್ವಿಕರು ದೊಡ್ಡ ಸ್ವಾಮಿಯವರೆಂದು ಕರೆದ ಅಬ್ಬೆ ದುಬುವಾ.

ಫ್ರಾನ್ಸಿನ ಈ ಗುರು 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟರು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿಯವರಂತೆ ಉಟ್ಟರು, ಇಲ್ಲಿಯವರಂತೆ ಉಂಡರು. ಹಾಸನದ ಕಡೆ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿಗೆ ದೇವಿ ಹಾಕಿಸಿಕೊಳ್ಳಲು ಜನ ಹೆದರುತ್ತಿದ್ದ ಕಾಲದಲ್ಲಿ ಅವರ ಮನವೊಲಿಸಿದರು. 1803-04ರಲ್ಲಿ ಹೀಗೆ ದೇವಿ ಹಾಕಿಸಿಕೊಂಡವರು 25,432 ಮಂದಿ.

ಇಂಥವರು ಪರಿಚಿತರಿಗೆ ಬರೆದ ಪತ್ರಗಳಲ್ಲಿ ಬಡಾಯಿ ಕೊಚ್ಚಲಿಲ್ಲ. ಇಷ್ಟು ವರ್ಷ ದುಡಿದರೂ ತಮ್ಮಿಂದ ವಿಶ್ವಾಸಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲೂ ಅನೇಕರು ಸ್ವಂತ ಲಾಭಕ್ಕಾಗಿ ಬಂದವರು ಎಂದು ಒಪ್ಪಿಕೊಂಡರು. ಆ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಮರುವರ್ಷವೇ ಜೇಮ್ಸ್ ಹಫ್ ಮೊದಲಾದ ಪ್ರೊಟೆಸ್ಟಂಟ್ ಬೋಧಕರು ಅದನ್ನು ಖಂಡಿಸಿ ಬರೆದರು. ದುಬುವಾ 1823ರಲ್ಲೇ ಭಾರತ ಬಿಟ್ಟಿದ್ದರು. ಆದರೆ ನಿಜ ಹೇಳಿದ್ದಕ್ಕಾಗಿ ಅವರ ಸಂಸ್ಥೆ ಅವರನ್ನು ದೂರವಿಡಲಿಲ್ಲ. 1836ರಲ್ಲಿ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಅವರೇ ಶ್ರೇಷ್ಠರಾದರು. 1848ರಲ್ಲಿ ದೈವಾಧೀನರಾದರು.

ಆದರೂ ಅವರ ಪತ್ರದ ಒಂದು ಮಾತು ನನ್ನನ್ನು ಚುಚ್ಚುತ್ತದೆ. ಬಂದವರಲ್ಲಿ ಹೆಚ್ಚಿನವರು ಕೀಳೆನಿಸಿಕೊಂಡ ಜಾತಿಯವರು, ಭಿಕ್ಷುಕರು ಎಂದು ಅವರು ಬರೆದರು. ಲೆಕ್ಕ ಸತ್ಯವಿರಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪ್ರಭು ಯೇಸು ಮೊದಲು ಹುಡುಕಿಕೊಂಡು ಹೋದದ್ದು ಅಂಥವರನ್ನೇ ಅಲ್ಲವೇ? ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ನಮ್ಮ ಪಕ್ಕದಲ್ಲೇ ಬಲಿಪೂಜೆಗೆ ಮೊಣಕಾಲೂರುತ್ತಿರಬಹುದು.

ಆದ್ದರಿಂದ ಪ್ರಿಯರೇ, ನೆರವಾದವರಿಗೆ ಬರೆಯುವಾಗ ಸೋಲನ್ನು ಮುಚ್ಚಿಡುವುದು ಬೇಡ. ಹಾಗೆಯೇ ಆ ಸೋಲಿನ ಹೊಣೆಯನ್ನು ಬಡವರ ತಲೆಗೆ ಕಟ್ಟುವುದೂ ಬೇಡ. ಆ ಹಿರಿಯರಿಗೂ ನಾನು ಇದನ್ನೇ ಹೇಳಿದೆ. ನಿಜ ತಿಳಿದೂ ಕೊಡುವವರ ಕಾಣಿಕೆಯೇ ನಿಜವಾದ ಕಾಣಿಕೆ.