ನೃತ್ಯಕ್ಕೊಂದು ಪಠ್ಯಕ್ರಮ: ಮಾರ್ಗರೆಟ್ ಎಚ್‌ಡೋಬ್ಲರ್ ಅವರ ಬದುಕು ಮತ್ತು ಬೋಧನೆ

ಕಲೆಯೊಂದನ್ನು ವಿಶ್ವವಿದ್ಯಾನಿಲಯದ ಪದವಿ ವಿಷಯವಾಗಿ ರೂಪಿಸುವುದು ಸುಲಭವಲ್ಲ. ಸಾಹಿತ್ಯಕ್ಕೆ ಗ್ರಂಥಗಳ ಆಧಾರವಿದೆ. ಸಂಗೀತಕ್ಕೆ ಲಕ್ಷಣಶಾಸ್ತ್ರದ ಹಾಗೂ ಸ್ವರಲಿಪಿಯ ಆಸರೆಯಿದೆ. ಚಿತ್ರ ಮತ್ತು ಶಿಲ್ಪಗಳಿಗೆ ಕಣ್ಣೆದುರು ಉಳಿಯುವ ಕೃತಿಗಳಿವೆ. ನೃತ್ಯವಾದರೋ ನರ್ತಿಸುವ ದೇಹದೊಡನೆ ಹುಟ್ಟಿ ಆ ಕ್ಷಣದೊಡನೆಯೇ ಮುಗಿಯುವಂಥದು. ಅದನ್ನು ಪದವಿ ತರಗತಿಗೆ ತರಬೇಕಾದರೆ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕಾಗುತ್ತದೆ. ವಿದ್ಯಾರ್ಥಿಯು ಕಲಿಯಬೇಕಾದುದು ಹೆಜ್ಜೆಗಳನ್ನೋ, ಹೆಜ್ಜೆಗಳ ಹಿಂದಿನ ತಿಳಿವಳಿಕೆಯನ್ನೋ? ಪದವಿ ಪಡೆದು ಹೊರಬರುವವರು ನರ್ತಕರೋ, ನೃತ್ಯಶಿಕ್ಷಕರೋ? ನಾಲ್ಕು ವರ್ಷಗಳ ಅವಧಿಯಲ್ಲಿ ಯಾವುದು ಮೊದಲು ಬರಬೇಕು, ಯಾವುದು ಅನಂತರ ಬರಬೇಕು? ಅಮೆರಿಕದಲ್ಲಿ ಈ ಪ್ರಶ್ನೆಗಳನ್ನು ಮೊದಲಬಾರಿಗೆ ಒಂದು ಸಂಪೂರ್ಣ ಪದವಿ ಪಠ್ಯಕ್ರಮದ ನೆಲೆಯಲ್ಲಿ ಎದುರಿಸಿದವರು ಮಾರ್ಗರೆಟ್ ಎಚ್‌ಡೋಬ್ಲರ್. 1926ರಲ್ಲಿ ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ಅವರ ಯೋಜನೆಗೆ ಒಪ್ಪಿಗೆ ನೀಡಿ, ನೃತ್ಯವನ್ನು ಪ್ರಧಾನ ವಿಷಯವಾಗಿ ಅಭ್ಯಸಿಸಿ ಪದವಿ ಪಡೆಯುವ ಅವಕಾಶವನ್ನು ಆ ದೇಶದಲ್ಲಿ ಮೊದಲಿಗೆ ಕಲ್ಪಿಸಿತು. ಈ ಸಾಧನೆಯನ್ನು ಮಾಡಿದವರು ಸ್ವತಃ ನರ್ತಕಿಯಾಗಿರಲಿಲ್ಲ ಎಂಬುದು ಗಮನಾರ್ಹ. ಅವರ ಪಠ್ಯಕ್ರಮದ ಶಕ್ತಿ ಮತ್ತು ಮಿತಿಗಳೆರಡನ್ನೂ ಅರಿಯಲು ಈ ಸಂಗತಿಯೇ ಕೀಲಿಕೈಯಾಗಿದೆ.

1. ಹಿನ್ನೆಲೆ

ಮಾರ್ಗರೆಟ್ ನ್ಯೂವೆಲ್ ಎಚ್‌ಡೋಬ್ಲರ್ ಅವರು 1889ರ ಏಪ್ರಿಲ್ 26ರಂದು ಕಾನ್ಸಾಸ್ ಪ್ರಾಂತ್ಯದ ಬೆಲಾಯಿಟ್ ಎಂಬ ಊರಿನಲ್ಲಿ ಜನಿಸಿದರು. ತಂದೆಯ ಮನೆತನ ಸ್ವಿಸ್ ಮೂಲದ್ದು. ಹೌಗೆನ್-ಡೋಬ್ಲರ್ ಎಂಬ ಮನೆತನದ ಹೆಸರು ಸಂಕ್ಷಿಪ್ತಗೊಂಡು, ಮೊದಲ ಪದದ ಆದ್ಯಕ್ಷರವಷ್ಟೇ ಉಳಿದು, ಇಂದು ಪರಿಚಿತವಾಗಿರುವ ರೂಪವನ್ನು ಪಡೆಯಿತು. ಕುಟುಂಬವು ಮುಂದೆ ಮ್ಯಾಡಿಸನ್ನಿಗೆ ಬಂದು ನೆಲೆಸಿದುದರಿಂದ ಮಾರ್ಗರೆಟ್ ಅವರು ಅಲ್ಲಿಯ ವಿಶ್ವವಿದ್ಯಾನಿಲಯವನ್ನೇ ಸೇರಿದರು. ಅವರು ಆರಿಸಿಕೊಂಡ ಮುಖ್ಯ ವಿಷಯ ಜೀವಶಾಸ್ತ್ರ, ಉಪವಿಷಯ ತತ್ತ್ವಶಾಸ್ತ್ರ. ಹದಿನಾರು ವರ್ಷಗಳ ಅನಂತರ ಅವರು ರೂಪಿಸಿದ ನೃತ್ಯ ಪಠ್ಯಕ್ರಮದ ಎರಡು ಕಂಬಗಳು ಈ ಎರಡು ವಿಷಯಗಳೇ ಆದುದು ಆಕಸ್ಮಿಕವಲ್ಲ.

1910ರಲ್ಲಿ ಪದವಿ ಪಡೆದ ಮಾರ್ಗರೆಟ್ ಅವರು ಅದೇ ವಿಶ್ವವಿದ್ಯಾನಿಲಯದ ಮಹಿಳಾ ದೈಹಿಕ ಶಿಕ್ಷಣ ವಿಭಾಗದಲ್ಲಿ ಬೋಧಕಿಯಾದರು. ವಿದ್ಯಾರ್ಥಿನಿಯರ ವ್ಯಾಯಾಮಕ್ಕೆಂದು ಲ್ಯಾತ್ರಾಪ್ ಹಾಲ್ ಎಂಬ ಕಟ್ಟಡವು ಆಗತಾನೇ ಸಿದ್ಧವಾಗಿತ್ತು. ಅವರಿಗೆ ಪ್ರಿಯವಾಗಿದ್ದುದು ಬ್ಯಾಸ್ಕೆಟ್‌ಬಾಲ್ ಆಟ. ಅದರ ತರಬೇತಿಯಲ್ಲಿ ಅವರು ಹೆಸರು ಮಾಡಿದರು. ಆ ಕಾಲದ ಮಹಿಳಾ ವ್ಯಾಯಾಮಶಾಲೆಗಳಲ್ಲಿ ನೃತ್ಯವು ಇರಲೇ ಇಲ್ಲವೆಂದು ಹೇಳುವಂತಿಲ್ಲ. ಜನಪದ ಕುಣಿತಗಳನ್ನೂ ಬ್ಯಾಲೆಯ ಭಂಗಿಗಳನ್ನು ಸರಳಗೊಳಿಸಿದ ಒಂದು ಬಗೆಯ ಸೌಂದರ್ಯನೃತ್ಯವನ್ನೂ ಅಲ್ಲಿ ಕಲಿಸಲಾಗುತ್ತಿತ್ತು. ಆದರೆ ಶಿಕ್ಷಕಿ ಮಾಡಿ ತೋರಿಸಿದುದನ್ನು ವಿದ್ಯಾರ್ಥಿನಿಯರು ಸಾಲುಗಟ್ಟಿ ನಿಂತು ಅನುಕರಿಸುವುದಷ್ಟೇ ಅಲ್ಲಿಯ ಕಲಿಕೆಯಾಗಿತ್ತು. ವೃತ್ತಿರಂಗಭೂಮಿಯ ನರ್ತಕಿಯರನ್ನು ಗೃಹಸ್ಥ ಸಮಾಜವು ಸಂದೇಹದಿಂದ ಕಾಣುತ್ತಿದ್ದ ಕಾಲವೂ ಅದಾಗಿತ್ತು. ನೃತ್ಯವು ವಿದ್ಯೆಯೆನಿಸಿಕೊಳ್ಳಬೇಕಾದರೆ ಅನುಕರಣೆಯ ಜಡತೆಯನ್ನೂ ಸಮಾಜದ ಸಂದೇಹವನ್ನೂ ಏಕಕಾಲದಲ್ಲಿ ಮೀರಬೇಕಾಗಿತ್ತು.

2. ನ್ಯೂಯಾರ್ಕಿನ ಒಂದು ವರ್ಷ

1916ರಲ್ಲಿ ಮಾರ್ಗರೆಟ್ ಅವರು ರಜೆ ಪಡೆದು ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿಗೆ ತೆರಳಿದರು. ತತ್ತ್ವಶಾಸ್ತ್ರ ಮತ್ತು ಸೌಂದರ್ಯಮೀಮಾಂಸೆಗಳನ್ನು ಅಭ್ಯಸಿಸುವುದು ಅವರ ಉದ್ದೇಶವಾಗಿತ್ತು. ವಿಭಾಗದ ಮುಖ್ಯಸ್ಥೆ ಬ್ಲಾಂಚ್ ಟ್ರಿಲಿಂಗ್ ಅವರು ಇದರೊಂದಿಗೆ ಇನ್ನೊಂದು ಹೊಣೆಯನ್ನು ವಹಿಸಿದರು. ಕಾಲೇಜಿನಲ್ಲಿ ಓದುವ ಹೆಣ್ಣುಮಕ್ಕಳ ಸಮಯಕ್ಕೆ ತಕ್ಕ ಬೆಲೆಯುಳ್ಳ ನೃತ್ಯಶಿಕ್ಷಣ ನ್ಯೂಯಾರ್ಕಿನಲ್ಲಿ ಎಲ್ಲಾದರೂ ಇದೆಯೇ ಎಂಬುದನ್ನು ಅವರು ಹುಡುಕಿ ತರಬೇಕಾಗಿತ್ತು. ಆಟದ ಮೈದಾನವನ್ನು ಬಿಟ್ಟು ನೃತ್ಯದ ಕಡೆಗೆ ಹೊರಳುವುದು ಮಾರ್ಗರೆಟ್ ಅವರಿಗೆ ಇಷ್ಟವಿರಲಿಲ್ಲ. ಆದರೂ ಅವರು ನಗರದ ಹಲವು ನೃತ್ಯಶಾಲೆಗಳನ್ನು ಸಂದರ್ಶಿಸಿದರು. ಸಹಜ ನೃತ್ಯದ ಪ್ರತಿಪಾದಕಿ ಗರ್ಟ್ರೂಡ್ ಕೋಲ್ಬಿ ಹಾಗೂ ದೇಹರಚನೆಯ ಆಧಾರದ ಮೇಲೆ ಚಲನೆಯನ್ನು ಕಲಿಸುತ್ತಿದ್ದ ಬರ್ಡ್ ಲಾರ್ಸನ್ ಅವರ ಕೆಲಸಗಳು ಅವರ ಗಮನಕ್ಕೆ ಬಂದವು. ಬಹುಪಾಲು ನೃತ್ಯಶಾಲೆಗಳಲ್ಲಿ ಅವರು ಕಂಡುದು ಮಾತ್ರ ಅದೇ ಅನುಕರಣೆಯ ಪದ್ಧತಿ.

ತಿರುವು ದೊರೆತದ್ದು ಸಂಗೀತ ಶಿಕ್ಷಕಿ ಆಲಿಸ್ ಬೆಂಟ್ಲಿ ಅವರ ತರಗತಿಯಲ್ಲಿ. ಬೆಂಟ್ಲಿ ಅವರು ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಚಲನೆಗಳನ್ನು ಅಭ್ಯಾಸ ಮಾಡಿಸುತ್ತಿದ್ದರು. ಈ ಸರಳ ಕ್ರಮದ ಮಹತ್ತ್ವವನ್ನು ಜೀವಶಾಸ್ತ್ರ ಓದಿದ್ದ ಮಾರ್ಗರೆಟ್ ಅವರು ಕೂಡಲೇ ಗ್ರಹಿಸಿದರು. ನಿಂತಿರುವ ದೇಹವು ಗುರುತ್ವಾಕರ್ಷಣೆಗೆ ಎದುರಾಗಿ ಸಮತೋಲವನ್ನು ಕಾಯ್ದುಕೊಳ್ಳಲು ಸದಾ ದುಡಿಯುತ್ತಿರುತ್ತದೆ. ಹೀಗೆ ನಿಲ್ಲುವಲ್ಲಿ ರೂಢಿಯಾಗಿರುವ ಬಿಗುವು ಹೊಸ ಚಲನೆಗೆ ಅಡ್ಡಿಯಾಗುತ್ತದೆ. ಮಲಗಿದ ದೇಹಕ್ಕೆ ಆ ಹೊರೆಯಿಲ್ಲ. ಕೀಲು ಯಾವ ದಿಕ್ಕಿಗೆ ಎಷ್ಟು ಬಾಗುತ್ತದೆ, ಬೆನ್ನುಮೂಳೆ ಹೇಗೆ ಹೊರಳುತ್ತದೆ ಎಂಬುದನ್ನು ಆ ಸ್ಥಿತಿಯಲ್ಲಿ ವಿದ್ಯಾರ್ಥಿಯು ತನ್ನ ದೇಹದಿಂದಲೇ ಅರಿಯಬಹುದು. ಹೀಗೆ, ಶಿಕ್ಷಕಿಯನ್ನು ನೋಡಿ ಕಲಿಯುವ ಕ್ರಮಕ್ಕೆ ಬದಲಾಗಿ ದೇಹದ ರಚನೆಯನ್ನೇ ಪಠ್ಯವಾಗಿಸಿಕೊಂಡು ಕಲಿಯುವ ಒಂದು ದಾರಿ ಅವರಿಗೆ ಗೋಚರಿಸಿತು.

ಅದೇ ಕಾಲದಲ್ಲಿ ಕೊಲಂಬಿಯಾದಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಡ್ಯೂಯಿ ಅವರ ಶಿಕ್ಷಣ ತತ್ತ್ವವು ಈ ಕಾಣ್ಕೆಗೆ ಬೆಂಬಲವಾಯಿತು. ಕಲಿಕೆಯೆಂದರೆ ಸಿದ್ಧ ಮಾಹಿತಿಯ ಸ್ವೀಕಾರವಲ್ಲ, ಅನುಭವದ ಮೂಲಕ ನಡೆಯುವ ಶೋಧನೆ ಎಂಬುದು ಆ ತತ್ತ್ವದ ತಿರುಳು. ಡ್ಯೂಯಿ ಅವರ ಪ್ರಜಾಪ್ರಭುತ್ವ ಮತ್ತು ಶಿಕ್ಷಣ ಕುರಿತ ಪ್ರಸಿದ್ಧ ಗ್ರಂಥವು ಪ್ರಕಟವಾದುದು 1916ರಲ್ಲಿಯೇ. ಮಾರ್ಗರೆಟ್ ಅವರ ಮುಂದಿನ ಬರಹ ಮತ್ತು ಬೋಧನೆಗಳಲ್ಲಿ ಡ್ಯೂಯಿ ಅವರ ಪ್ರಭಾವ ನಿಚ್ಚಳವಾಗಿ ಕಾಣುತ್ತದೆ.

3. ಪಠ್ಯಕ್ರಮದ ರಚನೆ

1917ರಲ್ಲಿ ಮ್ಯಾಡಿಸನ್ನಿಗೆ ಮರಳಿದ ಮಾರ್ಗರೆಟ್ ಅವರು ಆ ವರ್ಷದ ಬೇಸಿಗೆ ಅಧಿವೇಶನದಲ್ಲಿ ತಮ್ಮ ಮೊದಲ ನೃತ್ಯ ತರಗತಿಯನ್ನು ನಡೆಸಿದರು. ಮರುವರ್ಷ, ತರಗತಿಯ ಆಚೆಗೂ ನೃತ್ಯದಲ್ಲಿ ತೊಡಗಬಯಸಿದ ವಿದ್ಯಾರ್ಥಿನಿಯರ ಬಳಗವೊಂದು ರೂಪುಗೊಂಡಿತು. ನೃತ್ಯವೆಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆರ್ಕೀಸಿಸ್ ಎಂದು ಹೆಸರಿಡಲಾಯಿತು. ಮುಂದೆ ಅಮೆರಿಕದ ಅನೇಕ ಕಾಲೇಜುಗಳಲ್ಲಿ ಅದೇ ಹೆಸರಿನ ಬಳಗಗಳು ಹುಟ್ಟಿಕೊಂಡವು. 1921ರಲ್ಲಿ ನೃತ್ಯಬೋಧನೆಯ ಕೈಪಿಡಿಯೊಂದನ್ನೂ 1925ರಲ್ಲಿ ಶಿಕ್ಷಣದಲ್ಲಿ ನೃತ್ಯದ ಸ್ಥಾನವನ್ನು ಕುರಿತ ಗ್ರಂಥವನ್ನೂ ಅವರು ಪ್ರಕಟಿಸಿದರು. 1926ರ ಒಪ್ಪಿಗೆಗೆ ಮುನ್ನ ಒಂಬತ್ತು ವರ್ಷಗಳ ತರಗತಿಯ ಪ್ರಯೋಗ, ವಿದ್ಯಾರ್ಥಿ ಬಳಗ ಮತ್ತು ಎರಡು ಗ್ರಂಥಗಳ ಸಿದ್ಧತೆ ನಡೆದಿತ್ತೆಂಬುದನ್ನು ಪಠ್ಯಕ್ರಮ ರಚನೆಯಲ್ಲಿ ತೊಡಗಿದವರು ವಿಶೇಷವಾಗಿ ಗಮನಿಸಬೇಕು.

ಈ ಪಠ್ಯಕ್ರಮವನ್ನು ಒಟ್ಟಾಗಿ ನೋಡಿದಾಗ ಅದರಲ್ಲಿ ನಾಲ್ಕು ಎಳೆಗಳನ್ನು ಗುರುತಿಸಬಹುದು. ಮೊದಲನೆಯದು ದೇಹವಿಜ್ಞಾನ: ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಹಾಗೂ ಚಲನಶಾಸ್ತ್ರಗಳು ಇದರಲ್ಲಿ ಸೇರುತ್ತವೆ. ಎರಡನೆಯದು ಲಯದ ಅಧ್ಯಯನ: ಸಂಗೀತದ ಪರಿಚಯದೊಡನೆ ಲಯರೂಪಗಳ ವಿಶ್ಲೇಷಣೆಗೆ ಇಲ್ಲಿ ಪ್ರತ್ಯೇಕ ಸ್ಥಾನವಿತ್ತು. ಮೂರನೆಯದು ನೃತ್ಯ ಸಂಯೋಜನೆ: ಕಂಡುಕೊಂಡ ಚಲನೆಗಳಿಗೆ ವಿದ್ಯಾರ್ಥಿಯು ತಾನೇ ರೂಪ ಕೊಡುವ ಅಭ್ಯಾಸವಿದು. ನಾಲ್ಕನೆಯದು ತಾತ್ತ್ವಿಕ ಚಿಂತನೆ ಮತ್ತು ಬೋಧನಾಭ್ಯಾಸ: ನೃತ್ಯವೆಂದರೇನು, ಅದನ್ನು ಏಕೆ ಕಲಿಸಬೇಕು ಎಂಬ ಪ್ರಶ್ನೆಗಳೊಂದಿಗೆ ಕಲಿಸುವ ತರಬೇತಿಯೂ ಇಲ್ಲಿ ಕೂಡಿಕೊಂಡಿತ್ತು. ಬಿಡಿಯಾಗಿ ನೋಡಿದರೆ ಇವುಗಳಲ್ಲಿ ಮೊದಲ ಮತ್ತು ಕೊನೆಯ ಎಳೆಗಳು ವಿಶ್ವವಿದ್ಯಾನಿಲಯಕ್ಕೆ ಹೊಸತಲ್ಲ. ಅವುಗಳ ನಡುವೆ ನೃತ್ಯವನ್ನು ನೆಲೆಗೊಳಿಸಿ, ನಾಲ್ಕೂ ಒಂದೇ ವಿದ್ಯೆಯ ಅಂಗಗಳೆಂದು ತೋರಿಸಿದುದು ಮಾರ್ಗರೆಟ್ ಅವರ ಸ್ವಂತಿಕೆ.

ಅವರ ತರಗತಿಯ ಕ್ರಮವೂ ಇದಕ್ಕೆ ಅನುಗುಣವಾಗಿತ್ತು. ತರಗತಿಯಲ್ಲಿ ಮನುಷ್ಯನ ಅಸ್ಥಿಪಂಜರವೊಂದು ಬೋಧನೋಪಕರಣವಾಗಿ ಇರುತ್ತಿತ್ತು. ಕೀಲೊಂದರ ರಚನೆಯನ್ನು ಅದರಲ್ಲಿ ತೋರಿಸಿ, ಆ ಕೀಲಿಗೆ ಸಾಧ್ಯವಿರುವ ಚಲನೆಗಳನ್ನು ವಿದ್ಯಾರ್ಥಿನಿಯರೇ ಹುಡುಕಿಕೊಳ್ಳುವಂತೆ ಅವರು ಹೇಳುತ್ತಿದ್ದರು. ಅಭ್ಯಾಸವು ನೆಲದ ಮೇಲೆ ಮಲಗುವುದರಿಂದ ಆರಂಭವಾಗಿ ಹೊರಳುವುದು, ತೆವಳುವುದು, ಮಂಡಿಯೂರುವುದು, ನಿಲ್ಲುವುದು, ನಡೆಯುವುದು ಎಂಬಂತೆ ಮೇಲೇರುತ್ತಿತ್ತು. ಹೀಗೆ ನೆಲದ ಮೇಲೆ ಅಭ್ಯಾಸ ಮಾಡಬೇಕಾಗಿದ್ದುದರಿಂದ ವಿದ್ಯಾರ್ಥಿನಿಯರು ಮಂಡಿಗೆ ಕಾಪು ಕಟ್ಟಿಕೊಳ್ಳುತ್ತಿದ್ದರು. ಮಾರ್ಗರೆಟ್ ಅವರು ತಾವಾಗಿ ಯಾವ ಚಲನೆಯನ್ನೂ ಮಾಡಿ ತೋರಿಸುತ್ತಿರಲಿಲ್ಲ. ಮಾಡಿ ತೋರಿಸಿದೊಡನೆ ಶೋಧನೆ ನಿಂತು ಅನುಕರಣೆ ಆರಂಭವಾಗುತ್ತದೆಂಬುದು ಅವರ ನಿಲುವಾಗಿತ್ತು. ತನ್ನ ದೇಹದ ಚಲನೆಯನ್ನು ಒಳಗಿನಿಂದ ಅರಿಯುವ ಸಂವೇದನೆಯನ್ನು ಎಚ್ಚರಿಸುವುದು, ಆ ಅರಿವಿನಿಂದ ಭಾವವನ್ನು ರೂಪಕ್ಕೆ ತರುವುದು, ರೂಪವನ್ನು ಮತ್ತೆ ಬುದ್ಧಿಯಿಂದ ಪರೀಕ್ಷಿಸುವುದು: ಈ ಮೂರು ಹಂತಗಳ ಸುತ್ತ ಅವರ ಬೋಧನೆ ಸಾಗುತ್ತಿತ್ತು. 1940ರಲ್ಲಿ ಪ್ರಕಟವಾದ ಅವರ ಪ್ರಮುಖ ಗ್ರಂಥವು ನೃತ್ಯವನ್ನು ಸೃಜನಶೀಲ ಕಲಾನುಭವವೆಂದು ವಿವೇಚಿಸುವುದು ಈ ನೆಲೆಯಿಂದಲೇ.

4. ಫಲ ಮತ್ತು ವಾದ

ಈ ಪಠ್ಯಕ್ರಮವು ಮೊದಲು ಸಿದ್ಧಪಡಿಸಿದುದು ನೃತ್ಯಶಿಕ್ಷಕಿಯರನ್ನು. ಪದವಿಯು ಮಹಿಳಾ ದೈಹಿಕ ಶಿಕ್ಷಣ ವಿಭಾಗದ ಅಡಿಯಲ್ಲಿ ಇದ್ದುದರಿಂದ ಅದು ಸಹಜವೂ ಆಗಿತ್ತು. ಅಲ್ಲಿ ಕಲಿತವರು ದೇಶದ ಶಾಲೆ ಕಾಲೇಜುಗಳಿಗೆ ಹೋಗಿ ನೃತ್ಯವನ್ನು ಪಾಠವಾಗಿ ಬೆಳೆಸಿದರು. ವೃತ್ತಿರಂಗವನ್ನು ಪ್ರವೇಶಿಸಿದವರೂ ಇಲ್ಲದಿಲ್ಲ. ಮೇರಿ ಹಿಂಕ್ಸನ್ ಮತ್ತು ಮ್ಯಾಟ್ ಟರ್ನಿ ಎಂಬ ಆಫ್ರಿಕನ್-ಅಮೆರಿಕನ್ ನರ್ತಕಿಯರು ಮ್ಯಾಡಿಸನ್ನಿನಲ್ಲಿ ಕಲಿತು 1950ರ ದಶಕದ ಆರಂಭದಲ್ಲಿ ಮಾರ್ತಾ ಗ್ರಹಾಂ ಅವರ ತಂಡವನ್ನು ಸೇರಿದರು. 1938ರ ಸುಮಾರಿಗೆ ವಿದ್ಯಾರ್ಥಿನಿಯಾಗಿದ್ದ ಅನ್ನಾ ಹಾಲ್ಪ್ರಿನ್ ಅವರು ದೇಹರಚನೆಯ ಅರಿವು ಮತ್ತು ಆಶುಚಲನೆಗಳನ್ನು ಆಧರಿಸಿದ ಬೋಧನೆಯನ್ನು ಪಶ್ಚಿಮ ಕರಾವಳಿಗೆ ಒಯ್ದು, ಅಲ್ಲಿಯ ಪ್ರಯೋಗಶೀಲ ನೃತ್ಯಕ್ಕೆ ಬುನಾದಿ ಹಾಕಿದರು.

ಆದರೆ ಈ ಮಾದರಿಗೆ ಬೇಗನೆ ಒಂದು ಪ್ರತಿವಾದವೂ ಹುಟ್ಟಿತು. 1934ರ ಬೇಸಿಗೆಯಲ್ಲಿ ವರ್ಮಾಂಟಿನ ಬೆನಿಂಗ್ಟನ್ ಕಾಲೇಜಿನಲ್ಲಿ ಮಾರ್ತಾ ಹಿಲ್ ಅವರ ನೇತೃತ್ವದಲ್ಲಿ ಆರಂಭವಾದ ನೃತ್ಯಶಾಲೆಯು ಮಾರ್ತಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್, ಹಾನ್ಯಾ ಹೋಮ್ ಮೊದಲಾದ ಸಕ್ರಿಯ ಕಲಾವಿದರನ್ನೇ ಬೋಧಕರನ್ನಾಗಿ ಕರೆಸಿತು. ವಿದ್ಯಾರ್ಥಿಯು ಕಲಾವಿದನ ದೇಹದಿಂದಲೇ ತಂತ್ರವನ್ನು ಕಲಿಯಬೇಕು, ರಂಗಪ್ರಯೋಗವೇ ಕಲಿಕೆಯ ಗುರಿ ಎಂಬುದು ಅದರ ಹಿಂದಿನ ನಂಬಿಕೆ. ಹಿಲ್ ಅವರೇ ಮುಂದೆ, 1951ರಲ್ಲಿ, ನ್ಯೂಯಾರ್ಕಿನ ಜುಲಿಯಾರ್ಡ್ ಸಂಸ್ಥೆಯಲ್ಲಿ ನೃತ್ಯವಿಭಾಗವನ್ನು ಕಟ್ಟಿದರು. ಅರಿವಿನಿಂದ ಚಲನೆಗೆ ಸಾಗುವ ಮ್ಯಾಡಿಸನ್ ಮಾದರಿ, ತಂತ್ರದಿಂದ ಪ್ರಯೋಗಕ್ಕೆ ಸಾಗುವ ಬೆನಿಂಗ್ಟನ್ ಮಾದರಿ: ಕಾಲೇಜು ನೃತ್ಯಶಿಕ್ಷಣದ ಚರ್ಚೆ ಬಹುಕಾಲ ಈ ಎರಡು ಧ್ರುವಗಳ ನಡುವೆ ನಡೆಯಿತು. ಕಠಿಣ ತಂತ್ರಾಭ್ಯಾಸವಿಲ್ಲದ ಶೋಧನೆಯು ರಂಗದ ಮೇಲೆ ನಿಲ್ಲಲಾರದೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಾಗೆಯೇ, ಎಲ್ಲರೂ ರಂಗಕಲಾವಿದರಾಗುವುದಿಲ್ಲವಾದರೂ ಎಲ್ಲರಿಗೂ ನೃತ್ಯಾನುಭವದ ಹಕ್ಕಿದೆಯೆಂಬ ಮಾರ್ಗರೆಟ್ ಅವರ ನಿಲುವಿನ ಪ್ರಜಾಸತ್ತಾತ್ಮಕ ಆಶಯವೂ ಕಡೆಗಣಿಸತಕ್ಕುದಲ್ಲ.

5. ನಮ್ಮ ಸಂದರ್ಭ

ಮನುಷ್ಯದೇಹದ ಸಾಮಾನ್ಯ ರಚನೆಯಿಂದ ಹೊರಟು ನೃತ್ಯವನ್ನು ಕಂಡುಕೊಳ್ಳಬಹುದೆಂಬ ಈ ಚಿಂತನೆಯು ಭಾರತೀಯ ಸಂಪ್ರದಾಯದ ಎದುರು ನಿಂತಾಗ ಅದರ ಮಿತಿಯೂ ಸ್ಪಷ್ಟವಾಗುತ್ತದೆ. ಇಲ್ಲಿ ಅಡವು, ಹಸ್ತ, ಅಭಿನಯಗಳ ಸಂಚಿತ ಭಾಷೆಯೊಂದು ವಿದ್ಯಾರ್ಥಿಗಿಂತ ಮೊದಲೇ ಇದೆ. ಅದನ್ನು ಗುರುವಿನ ದೇಹದಿಂದ ಪಡೆಯದೆ ಗತ್ಯಂತರವಿಲ್ಲ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ನೃತ್ಯಶಿಕ್ಷಣವನ್ನು ಆರಂಭಿಸಿದಾಗ ಅದರ ಮೊದಲ ರೀಡರ್ ಆಗಿ ನೇಮಕಗೊಂಡವರು ಆಸ್ಥಾನ ವಿದುಷಿ ಕೆ. ವೆಂಕಟಲಕ್ಷಮ್ಮನವರು. ಜಟ್ಟಿ ತಾಯಮ್ಮನವರ ಬಳಿ ಬಾಲ್ಯದಿಂದಲೇ ಕಲಿತು, ಅರಮನೆಯ ಸೇವೆಯಲ್ಲಿ ಪಳಗಿದ ಅವರ ವಿದ್ವತ್ತು ಇದ್ದುದು ಅಭಿನಯಿಸುವ ಅವರ ದೇಹದಲ್ಲಿಯೇ. ಮ್ಯಾಡಿಸನ್ನಿನಲ್ಲಿ ನರ್ತಿಸದ ಶಿಕ್ಷಕಿಯೊಬ್ಬರು ವಿಜ್ಞಾನದ ಬಾಗಿಲಿನಿಂದ ನೃತ್ಯವನ್ನು ವಿಶ್ವವಿದ್ಯಾನಿಲಯದ ಒಳಗೆ ತಂದರೆ, ಮೈಸೂರಿನಲ್ಲಿ ಪರಂಪರೆಯ ಮಹಾನರ್ತಕಿಯೊಬ್ಬರನ್ನೇ ವಿಶ್ವವಿದ್ಯಾನಿಲಯವು ಒಳಗೆ ಬರಮಾಡಿಕೊಂಡಿತು. ಇವೆರಡೂ ಒಂದೇ ಪ್ರಶ್ನೆಗೆ ದೊರೆತ ಭಿನ್ನ ಉತ್ತರಗಳು. ಗುರುವಿನ ದೇಹದಲ್ಲಿರುವ ವಿದ್ಯೆಯನ್ನು ಉಳಿಸಿಕೊಂಡೇ, ಆ ವಿದ್ಯೆಯನ್ನು ಪ್ರಶ್ನಿಸಿ ಅರಿಯುವ ಶಕ್ತಿಯನ್ನು ವಿದ್ಯಾರ್ಥಿಯಲ್ಲಿ ಬೆಳೆಸುವುದು ಹೇಗೆ ಎಂಬುದು ನಮ್ಮ ನೃತ್ಯ ಪಠ್ಯಕ್ರಮಗಳನ್ನು ರೂಪಿಸುವವರು ಎದುರಿಸಬೇಕಾದ ಸವಾಲಾಗಿದೆ.

1934ರಲ್ಲಿ ಕಲಾಶಿಕ್ಷಕ ವೇನ್ ಕ್ಲಾಕ್ಸ್‌ಟನ್ ಅವರನ್ನು ವಿವಾಹವಾದ ಮಾರ್ಗರೆಟ್ ಅವರು 1954ರಲ್ಲಿ ನಿವೃತ್ತರಾಗುವವರೆಗೂ ಮ್ಯಾಡಿಸನ್ನಿನ ನೃತ್ಯಶಿಕ್ಷಣದ ಹೊಣೆಯನ್ನು ನಿರ್ವಹಿಸಿದರು. 1982ರ ಮಾರ್ಚ್ 26ರಂದು ಮಿಸೌರಿ ಪ್ರಾಂತ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅವರು ಪಾಠ ಹೇಳಿದ ಲ್ಯಾತ್ರಾಪ್ ಹಾಲ್‌ನ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಪ್ರಸಿದ್ಧ ನೃತ್ಯಕೃತಿಯೊಂದನ್ನಾಗಲಿ, ತಮ್ಮ ಹೆಸರಿನ ಶೈಲಿಯೊಂದನ್ನಾಗಲಿ ಅವರು ಬಿಟ್ಟುಹೋಗಲಿಲ್ಲ. ನೃತ್ಯವನ್ನು ಕುರಿತು ವಿದ್ಯಾರ್ಥಿಯು ಏನನ್ನು ತಿಳಿದಿರಬೇಕೆಂಬ ಪ್ರಶ್ನೆಯನ್ನು ವಿಶ್ವವಿದ್ಯಾನಿಲಯದ ಪ್ರಶ್ನೆಯನ್ನಾಗಿ ಮಾಡಿದುದೇ ಅವರ ಕೊಡುಗೆ. ಪಠ್ಯಪಟ್ಟಿಯನ್ನು ಸಿದ್ಧಪಡಿಸಲು ಅಧ್ಯಯನ ಮಂಡಳಿಯೊಂದು ಸೇರಿದಾಗಲೆಲ್ಲ ಆ ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ.